ತಿಳಿನೀರಿನ ತಿಳಿವು

ಅಮರಕೋಶವು ನೀರಿಗೆ ಹೇಳುವ ಪರ್ಯಾಯ ನಾಮಗಳಲ್ಲಿ ‘ಜೀವನ’ ಎಂಬುದೂ ಒಂದು. ಬಾಲ್ಯದಲ್ಲಿ ಗುರುಗಳ ಸನ್ನಿಧಿಯಲ್ಲಿ ಕುಳಿತು ಆ ಪದವನ್ನು ಕಂಠಪಾಠ ಮಾಡಿದಾಗ, ಬದುಕಿಗೆ ನೀರು ಅವಶ್ಯವಾದುದರಿಂದ ಈ ಹೆಸರು ಬಂದಿತೆಂದು ತಿಳಿದು ತೃಪ್ತನಾಗಿದ್ದೆ. ನೀರಿಗೂ ಎಳವೆಯುಂಟು, ಪಾಕವುಂಟು, ಆರೋಗ್ಯ ಅನಾರೋಗ್ಯಗಳುಂಟು ಎಂಬುದು ನನಗೆ ಮನವರಿಕೆಯಾದದ್ದು ಐವತ್ತು ದಾಟಿದ ಮೇಲೆ, ನಮ್ಮ ಶಾಲೆಯ ಪಡಸಾಲೆಯಲ್ಲಿರುವ ಒಂದು ಗಾಜಿನ ತೊಟ್ಟಿಯ ಮುಂದೆ. ವ್ಯಾಕರಣ, ಛಂದಸ್ಸುಗಳನ್ನು ಬೋಧಿಸುವವನು ಮೀನುತೊಟ್ಟಿಯ ವಿಷಯವಾಗಿ ಲೇಖನಿ ಹಿಡಿದದ್ದು ಕೆಲವು ವಾಚಕರಿಗೆ ವಿಚಿತ್ರವೆನಿಸೀತು. ಆದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೇ ಇದೆ, ಮೀನುಗಳ ಪ್ರಭೇದಗಳನ್ನೂ ಅವುಗಳ ನೆಲೆಗಳನ್ನೂ ಅವುಗಳಿಗೆ ಹಾಕಬೇಕಾದ ಆಹಾರವನ್ನೂ ಅಲ್ಲಿ ವಿವರಿಸಲಾಗಿದೆ. ಅರಸನಿಗೆ ಸಲ್ಲುವ ವಿಷಯ ಪಂಡಿತನಿಗೂ ಸಂದೀತು.

ತೊಟ್ಟಿ ಬಂದ ಬಗೆ

ನಾಲ್ಕು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಮಕ್ಕಳ ಸಂತೋಷಾರ್ಥವಾಗಿ ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಈ ತೊಟ್ಟಿಯನ್ನು ಕೊಡುಗೆಯಾಗಿ ಇತ್ತರು. ಅಂಗಡಿಯವರು ಬೆಳಿಗ್ಗೆ ಬಂದು ಬಿಳಿಯ ಹರಳುಕಲ್ಲು ಹರಡಿ, ಪ್ಲಾಸ್ಟಿಕ್ ಗಿಡಗಳನ್ನು ನೆಟ್ಟು, ಕೊಳವೆಬಾವಿಯ ನೀರು ತುಂಬಿ, ಸಂಜೆಯೊಳಗೆ 24 ಗೋಲ್ಡ್‌ಫಿಷ್‌ಗಳನ್ನು ಬಿಟ್ಟು ಹೋದರು. ಮಕ್ಕಳ ಸಂಭ್ರಮಕ್ಕೆ ಪಾರವಿರಲಿಲ್ಲ. ಒಬ್ಬನು ಊಟದ ಅನ್ನದಗುಳು ಹಾಕುವನು, ಇನ್ನೊಬ್ಬಳು ಬಿಸ್ಕತ್ತಿನ ಚೂರು ಹಾಕುವಳು. ಒಂಬತ್ತನೆಯ ದಿನ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡತೊಡಗಿದವು. ಹನ್ನೆರಡನೆಯ ದಿನಕ್ಕೆ ಉಳಿದವು ಮೂರು.

ನಾವು ಮಾಡಿದ ಪರಿಹಾರ ಇನ್ನೂ ಕೆಟ್ಟದ್ದು. ಕೊಳೆಯೇ ಕಾರಣವೆಂದು ಬಗೆದು, ನೀರನ್ನೆಲ್ಲ ಚೆಲ್ಲಿ, ಕಲ್ಲು, ಗಾಜು, ಸೋಸುವ ಸ್ಪಂಜು ಎಲ್ಲವನ್ನೂ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ತೊಳೆದು, ಹೊಸ ನೀರು ತುಂಬಿ, ಹೊಸ ಮೀನು ತರಿಸಿದೆವು. ಒಂದೇ ವಾರದಲ್ಲಿ ಅವೂ ಸತ್ತವು. ಸತ್ತ ಮೀನುಗಳನ್ನು ಹಿತ್ತಲಲ್ಲಿ ಹೂಳುತ್ತಿದ್ದಾಗ ಐದನೆಯ ಇಯತ್ತೆಯ ಹುಡುಗನೊಬ್ಬ ನನ್ನನ್ನು ಕೇಳಿದ: “ಗುರುಗಳ, ನೀರು ಇಷ್ಟ ತಿಳಿ ಅದಾವಲ್ರಿ, ಮೀನ ಯಾಕ ಸತ್ತುವ್ರಿ?”

ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮಗುವಿನಿಂದ ಕೇಳಿಸಿಕೊಂಡ ಅಧ್ಯಾಪಕನು ಸುಮ್ಮನಿರುವಂತಿಲ್ಲ. ನಮ್ಮ ಶಾಲೆಯ ವಿಜ್ಞಾನದ ಅಧ್ಯಾಪಕರ ಬಳಿ ನಾನೇ ಶಿಷ್ಯನಾಗಿ ಕುಳಿತೆ. ಮುಂದಿನದು ಆ ಪಾಠದ ಸಾರ.

ಕಾಣದ ವಿಷ, ಕಾಣದ ಸೇವಕರು

ಶೃಂಗೇರಿಯ ತುಂಗೆಯ ಮೆಟ್ಟಿಲುಗಳ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಹಾಕಿದವರು ನಮ್ಮಲ್ಲಿ ಅನೇಕರಿದ್ದಾರೆ. ಅಷ್ಟು ಜನ ಹಾಕಿದರೂ ಅಲ್ಲಿಯ ನೀರು ಕೆಡದಿರುವುದಕ್ಕೆ ಕಾರಣ ಹರಿವು. ಉಳಿದ ಆಹಾರವನ್ನೂ ಮೀನಿನ ವಿಸರ್ಜನೆಯನ್ನೂ ನದಿ ಕೊಂಡೊಯ್ಯುತ್ತದೆ. ಗಾಜಿನ ತೊಟ್ಟಿಯಲ್ಲಿ ಕೊಂಡೊಯ್ಯುವವರಿಲ್ಲ. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯಾ ವಿಸರ್ಜಿಸುತ್ತದೆ. ಕೊಳೆಯುವ ಅನ್ನವೂ ಅದನ್ನೇ ಬಿಡುತ್ತದೆ. ನೀರಿನಲ್ಲಿ ಕರಗಿದ ಅಮೋನಿಯಾಕ್ಕೆ ಬಣ್ಣವಿಲ್ಲ. ಆದ್ದರಿಂದ ಸ್ಫಟಿಕದಂತೆ ತಿಳಿಯಾಗಿ ತೋರುವ ನೀರೂ ಮೀನಿನ ಪಾಲಿಗೆ ವಿಷವಾಗಿರಬಲ್ಲದು.

ಇಲ್ಲಿ ನಮ್ಮ ಸೀಮೆಯವರು ಗಮನಿಸಬೇಕಾದ ಅಂಶವೊಂದಿದೆ. ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ; ಒಂದು ಉಗ್ರ, ಇನ್ನೊಂದು ಬಹುಮಟ್ಟಿಗೆ ನಿರುಪದ್ರವಿ. ನೀರಿನ ಆಮ್ಲ-ಕ್ಷಾರಗಳ ಅಳತೆಯಾದ ಪಿಎಚ್ 7 ಇದ್ದು, ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಉಗ್ರರೂಪದ ಪಾಲು ನೂರಕ್ಕೆ ಸುಮಾರು ಅರ್ಧ ಮಾತ್ರ. ಅದೇ ಪಿಎಚ್ 8ಕ್ಕೆ ಏರಿದರೆ ಆ ಪಾಲು ನೂರಕ್ಕೆ ಐದನ್ನು ಮೀರುತ್ತದೆ, ಎಂದರೆ ಸುಮಾರು ಹತ್ತು ಪಟ್ಟು. ಬಯಲುಸೀಮೆಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು, ಕ್ಷಾರಗುಣದ್ದು. ಮಲೆನಾಡಿನ ಮೃದು ಜಲದಲ್ಲಿ ಕ್ಷಮ್ಯವಾದ ತಪ್ಪು ನಮ್ಮಲ್ಲಿ ಪ್ರಾಣಾಂತಿಕವಾಗುವುದು ಹೀಗೆ.

ಹಾಗಾದರೆ ಕೆರೆಯ ನಿಂತ ನೀರಿನಲ್ಲಿ ಮೀನು ಬದುಕುವುದೆಂತು? ರೈತಾಪಿ ಮನೆತನದವರಿಗೆ ಇದು ತಿಪ್ಪೆಯ ದೃಷ್ಟಾಂತದಿಂದ ಸುಲಭವಾಗಿ ತಿಳಿಯುತ್ತದೆ. ಹಸಿ ಸಗಣಿ ಬೆಳೆಯನ್ನು ಸುಡುತ್ತದೆ. ಮಾಗಿದ ಗೊಬ್ಬರ ಬೆಳೆಯನ್ನು ಪೋಷಿಸುತ್ತದೆ. ಮಾಗಿಸುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ನೀರಿನಲ್ಲಿಯೂ ಹಾಗೆಯೇ: ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ; ಅದೂ ವಿಷವೇ. ಮತ್ತೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತವೆ; ಇದು ಬಹಳ ಸೌಮ್ಯ, ಸಸ್ಯಗಳಿಗಂತೂ ಆಹಾರ. ಇದು ಜೀವಿಗಳ ಕಾರ್ಯವೆಂಬುದನ್ನು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಚರಂಡಿಯ ನೀರನ್ನು ಮರಳು ಮತ್ತು ಸುಣ್ಣಕಲ್ಲಿನ ಮೂಲಕ ಇಳಿಸಿದಾಗ ಕೆಲವು ವಾರಗಳ ತರುವಾಯ ಅದರ ಅಮೋನಿಯಾ ನೈಟ್ರೇಟ್ ಆಗಿ ಹೊರಬರತೊಡಗಿತು. ಕ್ಲೋರೋಫಾರ್ಮ್ ಆವಿ ತಾಗಿಸಿದಾಗ ಆ ಕಾರ್ಯ ನಿಂತುಹೋಯಿತು.

ಈ ವೃತ್ತಾಂತ ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಅವರ ಪ್ರಯೋಗದಲ್ಲಿ ಕ್ಲೋರೋಫಾರ್ಮ್ ಮಾಡಿದ ಕೆಲಸವನ್ನು ನಮ್ಮ ಪಡಸಾಲೆಯಲ್ಲಿ ಬ್ಲೀಚಿಂಗ್ ಪುಡಿ ಮಾಡಿತ್ತು. ಕಲ್ಲು, ಸ್ಪಂಜುಗಳ ಮೇಲೆ ಆಗತಾನೆ ನೆಲೆಗೊಳ್ಳುತ್ತಿದ್ದ ಸೇವಕರನ್ನು ನಾವೇ ಕೊಂದು, ಅವರು ಮಾಡಬೇಕಾದ ಚಾಕರಿಯನ್ನು ಯಾರೂ ಮಾಡದ ಮನೆಗೆ ಹೊಸ ಅತಿಥಿಗಳನ್ನು ಕರೆತಂದಿದ್ದೆವು.

ಸಸ್ಯಗಳ ಉಪಕಾರ

ಸಸ್ಯ ಮತ್ತು ಮೀನು ಒಂದನ್ನೊಂದು ಪೋಷಿಸುವ ತೊಟ್ಟಿಯ ಕಲ್ಪನೆ ಹಳೆಯದು. 1849ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯೊಂದರಲ್ಲಿ ಎರಡು ಗೋಲ್ಡ್‌ಫಿಷ್‌ಗಳನ್ನೂ ವ್ಯಾಲಿಸ್ನೇರಿಯ ಎಂಬ ನೀಳ ಎಲೆಯ ಜಲಸಸ್ಯವನ್ನೂ ಇರಿಸಿದನು. ಕೊಳೆತ ಎಲೆಗಳಿಂದ ನೀರು ಕೆಡತೊಡಗಿದಾಗ ಕೊಳದ ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆತುದನ್ನೂ ಪಾಚಿಯನ್ನೂ ತಿಂದು ತೊಟ್ಟಿಯನ್ನು ಸ್ಥಿಮಿತಕ್ಕೆ ತಂದವು. ಮರುವರ್ಷ ಅವನು ಇದನ್ನು ಪ್ರಕಟಿಸಿದನು.

ಸಸ್ಯದ ಮುಖ್ಯೋಪಕಾರ ಆಮ್ಲಜನಕವೆಂದೇ ಆಗ ಭಾವಿಸಲಾಗಿತ್ತು. ಹೈಡ್ರಿಲಾ ಗಿಡದ ಮೇಲೆ ಆಲಿಕೆ ಕವುಚಿ ಗುಳ್ಳೆಗಳನ್ನು ಸಂಗ್ರಹಿಸುವ ಪ್ರಯೋಗವನ್ನು ನಮ್ಮ ಹಳೆಯ ವಿದ್ಯಾರ್ಥಿಗಳೆಲ್ಲರೂ ಮಾಡಿದ್ದಾರೆ. ಅದು ಸತ್ಯವೇ, ಆದರೆ ರಾತ್ರಿಯಲ್ಲಿ ಸಸ್ಯವೂ ಆಮ್ಲಜನಕವನ್ನು ಬಳಸುತ್ತದೆಂಬುದನ್ನು ಮರೆಯಲಾಗದು. ಅದಕ್ಕಿಂತ ದೊಡ್ಡ ಉಪಕಾರವೆಂದರೆ, ಜಲಸಸ್ಯಗಳು ಅಮೋನಿಯಾವನ್ನು ನೇರವಾಗಿ ಹೀರಿ ತಮ್ಮ ಮೈಬೆಳೆಸಿಕೊಳ್ಳುತ್ತವೆ. ಮೀನಿನ ವಿಷ ಗಿಡಕ್ಕೆ ಅನ್ನವಾಗುತ್ತದೆ. ಪಂಪು ನಿಂತರೂ ಈ ಕಾರ್ಯ ನಿಲ್ಲದು. ಪದೇ ಪದೇ ವಿದ್ಯುತ್ತು ಕೈಕೊಡುವ ಊರುಗಳಲ್ಲಿ ಇದು ಅಲ್ಪ ಲಾಭವಲ್ಲ.

ತೊಟ್ಟಿಯನ್ನು ಅಣಿಗೊಳಿಸುವ ಕ್ರಮ

ನಮ್ಮ ಅಳತೆಯ ತೊಟ್ಟಿಗೆ ನೂರು ಲೀಟರಿಗೂ ಮಿಗಿಲಾದ ನೀರು ಹಿಡಿಯುತ್ತದೆ; ಮಣ್ಣು, ಮರಳು, ಗಾಜುಗಳ ಭಾರ ಸೇರಿ ಸುಮಾರು ಒಂದೂವರೆ ಕ್ವಿಂಟಲ್ ಆಗುವುದರಿಂದ ಆಧಾರವು ಗಟ್ಟಿಯಾಗಿರಬೇಕು. ನೇರ ಬಿಸಿಲು ಬೀಳುವ ಸ್ಥಳ ಬೇಡ. ಪಾಚಿಗೆ ಅದು ಆಮಂತ್ರಣ.

ತಳದಲ್ಲಿ ಜರಡಿ ಹಿಡಿದ ಹೂದೋಟದ ಮಣ್ಣು ಒಂದು ಅಂಗುಲ. ಅದರಲ್ಲಿ ಹಸಿ ಗೊಬ್ಬರ, ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಸೋಂಕು ಇರಕೂಡದು. ಅದರ ಮೇಲೆ ಚೆನ್ನಾಗಿ ತೊಳೆದ ದಪ್ಪ ಮರಳು ಒಂದರಿಂದ ಒಂದೂವರೆ ಅಂಗುಲ. ಅಮೆರಿಕದ ಡಯಾನಾ ವಾಲ್‌ಸ್ಟಡ್ ಎಂಬ ಮಹಿಳೆ 1999ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಮಣ್ಣಿನ ವಿಧಾನವು ಪ್ರಸಿದ್ಧಿಗೆ ಬಂದಿತು. ಅಂಗಡಿಯ ದುಬಾರಿ ಗೊಬ್ಬರಗಳ ಹಂಗು ಇದರಲ್ಲಿ ಇಲ್ಲವಾದುದರಿಂದ ಶಾಲೆಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ಗಿಡಗಳನ್ನು ಮೊದಲ ದಿನವೇ ದಟ್ಟವಾಗಿ ನೆಡಬೇಕು. ತಳದ ಮೂರನೆಯ ಎರಡು ಭಾಗವಾದರೂ ಮುಚ್ಚಿರಲಿ. ವ್ಯಾಲಿಸ್ನೇರಿಯ ಮತ್ತು ಹೈಡ್ರಿಲಾಗಳಿಗೆ ಗಡಸು ನೀರು ಒಗ್ಗುತ್ತದೆ. ನಮ್ಮ ಕೆರೆ ಗದ್ದೆಗಳ ಅಂಚಿನ ಬ್ರಾಹ್ಮಿಯೂ ನೀರೊಳಗೆ ಬೆಳೆಯಬಲ್ಲದು. ಮಣ್ಣು ಕದಡದಂತೆ ತಟ್ಟೆಯೊಂದನ್ನಿಟ್ಟು ಅದರ ಮೇಲೆ ನೀರು ಹೊಯ್ಯಬೇಕು. ನಗರದ ನಲ್ಲಿ ನೀರಾದರೆ ಅದರ ಕ್ಲೋರಿನ್ ತೆಗೆಯುವುದು ಅವಶ್ಯ. ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ‘ಹೈಪೋ’ ಹರಳು, ಎಂದರೆ ಸೋಡಿಯಂ ಥಯೋಸಲ್ಫೇಟ್, ಕೆಲವೇ ಹರಳುಗಳಲ್ಲಿ ಆ ಕೆಲಸ ಮಾಡುತ್ತದೆ. ಬೆಳಕು ದಿನಕ್ಕೆ ಎಂಟು ತಾಸು ಸಾಕು.

ಇಷ್ಟಾದ ಮೇಲೆ ಮಾಡಬೇಕಾದ ಅತಿ ಕಠಿನ ಕಾರ್ಯವೆಂದರೆ ಏನನ್ನೂ ಮಾಡದೆ ಕಾಯುವುದು. ನಾಲ್ಕರಿಂದ ಆರು ವಾರ ತೊಟ್ಟಿ ಮೀನಿಲ್ಲದೆ ಇರಲಿ. ಮಣ್ಣಿನಿಂದ ಹೊರಡುವ ಅಲ್ಪ ಅಮೋನಿಯಾವನ್ನುಂಡು ಬ್ಯಾಕ್ಟೀರಿಯಾ ನೆಲೆಗೊಳ್ಳುತ್ತವೆ. ಅಮೋನಿಯಾ, ನೈಟ್ರೈಟ್‌ಗಳೆರಡೂ ಶೂನ್ಯವೆಂದು ಪರೀಕ್ಷೆಯ ದ್ರಾವಣಗಳು ತೋರಿಸಿದ ಬಳಿಕ ಆರು ಸಣ್ಣ ಮೀನುಗಳನ್ನು ಬಿಡಬೇಕು. ಎರಡು ವಾರಗಳ ಅನಂತರ ಇನ್ನಾರು. ಗೋಲ್ಡ್‌ಫಿಷ್ ಇಂಥ ತೊಟ್ಟಿಗೆ ತಕ್ಕುದಲ್ಲ. ಅದು ಬಹಳ ದೊಡ್ಡದಾಗಿ ಬೆಳೆಯುತ್ತದೆ, ಗಿಡಗಳನ್ನು ಕೀಳುತ್ತದೆ. ನಮ್ಮ ದೇಶದ್ದೇ ಆದ, ಎರಡು ಅಂಗುಲವನ್ನೂ ಮೀರದ ಜೀಬ್ರಾ ಮೀನು ಉತ್ತಮ.

ನಿತ್ಯದ ಆರೈಕೆ

ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಆಹಾರ, ದಿನಕ್ಕೆ ಒಂದು ಸಲ. ವಾರಕ್ಕೊಂದು ದಿನ ಏನೂ ಇಲ್ಲ. ನಮ್ಮಲ್ಲಿ ಈಗ ಆಹಾರದ ಡಬ್ಬಿ ಒಬ್ಬನೇ ವಿದ್ಯಾರ್ಥಿಯ ಸ್ವಾಧೀನದಲ್ಲಿರುತ್ತದೆ. ವಾರಕ್ಕೊಮ್ಮೆ ಸರದಿ ಬದಲಾಗುತ್ತದೆ. ವಾರಕ್ಕೋ ಪಕ್ಷಕ್ಕೋ ಒಮ್ಮೆ ನಾಲ್ಕನೆಯ ಒಂದು ಭಾಗ ನೀರನ್ನು ಮಾತ್ರ ಬದಲಿಸಬೇಕು. ಸ್ಪಂಜನ್ನು ಹೀಗೆ ತೆಗೆದ ತೊಟ್ಟಿಯ ನೀರಿನಲ್ಲಿಯೇ ಹಿಂಡಬೇಕು. ನಲ್ಲಿಯ ಕೆಳಗೆ ಹಿಡಿಯಲಾಗದು. ತೆಗೆದ ನೀರು ಹೂಗಿಡಗಳಿಗೆ ಪರಮ ಪುಷ್ಟಿ.

ಬೇಸಿಗೆಯಲ್ಲಿ ವಿಶೇಷ ಎಚ್ಚರ ಬೇಕು. 20 ಡಿಗ್ರಿಯ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನ ಮೇಲ್ಮೈಯನ್ನು ಕಲಕುವ ಗಾಳಿಯ ಪಂಪನ್ನು ರಾತ್ರಿಯಲ್ಲಿ ನಡೆಸಬೇಕು. ಮೀನಿಗೆ ‘ಅನಿಮಿಷ’ ಎಂಬ ಹೆಸರುಂಟು, ಅದಕ್ಕೆ ಎವೆಯಿಲ್ಲ. ಕಣ್ಣು ಮುಚ್ಚದೆ ನಮ್ಮನ್ನು ನೋಡುವ ಆ ಜೀವಕ್ಕೆ ಕೂಗುವ ಬಾಯಿಯಿಲ್ಲ; ಅದರ ಸಂಕಟವನ್ನು ನಾವೇ ನೋಡಿ ತಿಳಿಯಬೇಕು.

ಎಲ್ಲಿಂದ ಬಂದವು, ಎಲ್ಲಿಗೆ ಹೋಗುವವು

ಗಾಜಿನ ಹೊರಗೂ ನಮ್ಮ ಹೊಣೆ ಚಾಚಿಕೊಂಡಿದೆ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಸಹ್ಯಾದ್ರಿಯ ತೊರೆಗಳಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ನಿಸರ್ಗಸಿದ್ಧವಾಗಿ ಇಲ್ಲದ ‘ಮಿಸ್ ಕೇರಳ’ವೆಂಬ ಕೆಂಪುಗೆರೆಯ ಮೀನೊಂದಿದೆ. 1865ರಲ್ಲಿ ಫ್ರಾನ್ಸಿಸ್ ಡೇ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು; 2013ರಲ್ಲಿ ಇದರ ಕುಲಕ್ಕೆ ‘ಸಹ್ಯಾದ್ರಿಯ’ ಎಂದೇ ಹೆಸರಿಡಲಾಯಿತು. ಅಲಂಕಾರಕ್ಕಾಗಿ ತೊರೆಗಳಿಂದ ಮಿತಿಮೀರಿ ಹಿಡಿದು ಪರದೇಶಗಳಿಗೆ ಸಾಗಿಸಿದ್ದೂ ಸೇರಿ, ಇಂದು ಅದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಆದ್ದರಿಂದ ಮೀನು ಕೊಳ್ಳುವಾಗ ಸಾಕಣೆಯಲ್ಲಿ ಹುಟ್ಟಿದ್ದೋ ತೊರೆಯಿಂದ ಹಿಡಿದದ್ದೋ ಎಂದು ಕೇಳುವುದು ಕರ್ತವ್ಯ.

ಹಾಗೆಯೇ ಬೇಡವಾದ ಮೀನನ್ನೂ ಗಿಡವನ್ನೂ ಕೆರೆಗೆ ಬಿಡುವುದು ದಯೆಯೆಂದು ಅನೇಕರು ಭಾವಿಸುತ್ತಾರೆ. ಅದು ಕೆರೆಯ ಮೇಲಿನ ನಿರ್ದಯೆ. ನಮ್ಮ ಎಷ್ಟೋ ಕೆರೆಗಳನ್ನು ಮುಚ್ಚಿಕೊಂಡಿರುವ, ಜನ ಅಂತರಗಂಗೆಯೆಂದು ಕರೆಯುವ ನೇರಿಳೆ ಹೂವಿನ ಕಳೆ ದಕ್ಷಿಣ ಅಮೆರಿಕದಿಂದ ಚೆಲುವಿಗೆಂದು ಬಂದ ಅತಿಥಿ. ಅಲ್ಲಿಯದೇ ಆದ, ಗಾಜಿನ ಪಾಚಿ ತಿನ್ನಲೆಂದು ಮಾರುವ ಸಕ್ಕರ್ ಮೀನು ತೊಟ್ಟಿಗಳಿಂದ ಹೊರಬಿದ್ದು ಭಾರತದ ಅನೇಕ ಜಲಾಶಯಗಳಲ್ಲಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ. ಕತ್ತರಿಸಿದ ಗಿಡವನ್ನು ಒಣಗಿಸಿ ತಿಪ್ಪೆಗೆ ಹಾಕಬೇಕು. ಹೆಚ್ಚಾದ ಮೀನನ್ನು ಸಾಕುವ ಇನ್ನೊಬ್ಬರಿಗೆ ಕೊಡಬೇಕು.

ಕಳೆದ ವರ್ಷ ಆ ದಾನಿಗಳು ಶಾಲೆಗೆ ಬಂದಿದ್ದರು. ಮೊದಲಿನ ಮೀನುಗಳ ವಿಷಯವನ್ನು ನಾನು ಮುಚ್ಚಿಡಲಿಲ್ಲ. ಅವರು ಕೆಲಹೊತ್ತು ಹಸಿರು ಎಲೆಗಳ ನಡುವೆ ಓಡಾಡುವ ಜೀಬ್ರಾ ಮೀನುಗಳನ್ನು ನೋಡುತ್ತ ನಿಂತು, “ನಾನು ಕೊಟ್ಟದ್ದು ಬರಿ ಗಾಜು, ಪಂಡಿತರೇ” ಎಂದರು. ಕೊಡುಗೆಯನ್ನು ಒಂದು ದಿನ ಕೊಡಬಹುದು. ಕಾಪಾಡುವ ಕೆಲಸ ದಿನದಿನದ್ದು. ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಒಂಬತ್ತನೆಯ ಇಯತ್ತೆಯಲ್ಲಿದ್ದಾನೆ. ನೀರಿನ ಪರೀಕ್ಷೆ ಅವನದೇ. ಹೊಸದಾಗಿ ಸೇರಿದ ಮಕ್ಕಳಿಗೆ, ನೀರು ತಿಳಿಯಾಗಿದ್ದ ಮಾತ್ರಕ್ಕೆ ಒಳ್ಳೆಯದೆನ್ನಲಾಗದು ಎಂದು ಅವನು ಹೇಳುವುದನ್ನು ನಾನು ಪಕ್ಕದ ಕೋಣೆಯಿಂದ ಕೇಳಿದ್ದೇನೆ. ಕನ್ನಡದಲ್ಲಿ ‘ತಿಳಿ’ ಎಂದರೆ ನಿರ್ಮಲವಾದದ್ದು, ‘ತಿಳಿ’ ಎಂದರೆ ಅರಿತುಕೋ. ಮೂವತ್ತು ವರ್ಷಗಳಿಂದ ನಾನು ಈ ಎರಡು ಅರ್ಥಗಳನ್ನು ಪಾಠ ಹೇಳುತ್ತ ಬಂದಿದ್ದೆ. ಎರಡನೆಯದಿಲ್ಲದೆ ಮೊದಲನೆಯದು ನಿಲ್ಲದೆಂಬುದನ್ನು ಕಲಿಸಿದ್ದು ಆ ತೊಟ್ಟಿ.