ಮೊದಲ ಐದು ನಿಮಿಷ

ಎಂಟು ಮೂಲೆಯ ಬಲೆಗೂಡಿನ ಹೊರಗೆ, ಮೂರು ಬದಿಯಲ್ಲಿ ಮೂರು ಕುರ್ಚಿ. ಒಂದರಿಂದ ಒಂದು ದೂರ. ಅಲ್ಲಿ ಕೂತ ಜಡ್ಜ್‌ಗಳು ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ. ಕಣ್ಣಿಗೆ ಒಮ್ಮೆ ಕಂಬ ಅಡ್ಡ ಬರುತ್ತದೆ, ಒಮ್ಮೆ ರೆಫರಿಯ ಬೆನ್ನು, ಇನ್ನೊಮ್ಮೆ ಕಾದಾಳುವಿನದೇ ಭುಜ. ಐದು ನಿಮಿಷದ ರೌಂಡ್ ಮುಗಿದ ಕೂಡಲೇ ಮೇಲುಗೈ ಸಾಧಿಸಿದವನಿಗೆ 10, ಇನ್ನೊಬ್ಬನಿಗೆ ಸಾಮಾನ್ಯವಾಗಿ 9 ಬರೆದು ಚೀಟಿಯನ್ನು ಕ್ರೀಡಾ ಆಯೋಗದ ಸಿಬ್ಬಂದಿಯ ಕೈಗೆ ಕೊಟ್ಟುಬಿಡಬೇಕು. ಕೊಟ್ಟ ಚೀಟಿ ವಾಪಸು ಬರುವುದಿಲ್ಲ.

2013ರ ನವೆಂಬರ್ 16ರ ರಾತ್ರಿ, ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಗಾರ್ಡನ್ ಅರೇನಾದಲ್ಲಿ ಆ ಕುರ್ಚಿಗಳಲ್ಲಿ ಕೂತಿದ್ದವರು ಸಾಲ್ ಡಿಅಮಾಟೊ, ಟೋನಿ ವೀಕ್ಸ್ ಮತ್ತು ಗ್ಲೆನ್ ಟ್ರೋಬ್ರಿಜ್. ಮಿಶ್ರ ಸಮರಕಲೆಯ ಕಾಳಗಗಳನ್ನು ನಡೆಸುವ ಯುಎಫ್‌ಸಿ ಸಂಸ್ಥೆಗೆ ಇಪ್ಪತ್ತು ವರ್ಷ ತುಂಬಿದ ಸಂಭ್ರಮದ ರಾತ್ರಿ ಅದು. ಒಳಗೆ ಕೆನಡಾದ ಕ್ವಿಬೆಕ್‌ನ ಜಾರ್ಜ್ ಸೇಂಟ್ ಪಿಯರ್. 77 ಕಿಲೊ ವಿಭಾಗದ ಬೆಲ್ಟನ್ನು ವರ್ಷಗಳಿಂದ ಯಾರಿಗೂ ಬಿಟ್ಟುಕೊಡದವನು, ಲೆಕ್ಕ ಹಾಕಿ ಆಡುವವನು. ಎದುರಿಗೆ ಪೊದೆಗಡ್ಡದ ಜಾನಿ ಹೆಂಡ್ರಿಕ್ಸ್. ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಆಡಿ ಎರಡು ಬಾರಿ ಅಮೆರಿಕದ ಕಾಲೇಜು ಕುಸ್ತಿಯ ಚಾಂಪಿಯನ್ ಆದವನು. ಆದರೆ ಎದುರಾಳಿಗಳು ಹೆದರುತ್ತಿದ್ದದ್ದು ಅವನ ಎಡಗೈಗೆ. ಎರಡು ವರ್ಷದ ಹಿಂದೆ ಜಾನ್ ಫಿಚ್‌ನಂಥ ಗಟ್ಟಿಗ ಆ ಕೈಯ ಹೊಡೆತಕ್ಕೆ 12 ಸೆಕೆಂಡಿನಲ್ಲಿ ನೆಲ ಕಂಡಿದ್ದ.

ಮೊದಲ ರೌಂಡನ್ನು ನಿಧಾನವಾಗಿ ನೋಡಬೇಕು. ಮುಂದಿನ ಗಲಾಟೆಯೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಶುರುವಿನಲ್ಲೇ ಸೇಂಟ್ ಪಿಯರ್ ನುಗ್ಗಿ ಕಾಲಿಗೆ ಕೈಹಾಕಿ ಹೆಂಡ್ರಿಕ್ಸ್‌ನನ್ನು ಕೆಡವುತ್ತಾನೆ. ಸಭಾಂಗಣ ಹೋ ಎನ್ನುತ್ತದೆ. ಕುಸ್ತಿ ಬಲ್ಲವನನ್ನೇ ಕುಸ್ತಿಯಲ್ಲಿ ಕೆಡವಿದ್ದು ಸಣ್ಣ ಮಾತಲ್ಲ. ಆದರೆ ಬಿದ್ದವನು ಬಿದ್ದಲ್ಲಿ ಉಳಿಯುವುದಿಲ್ಲ, ಆ ಕ್ಷಣವೇ ಏಳುತ್ತಾನೆ. ಏಳುವಾಗ ಸೇಂಟ್ ಪಿಯರ್ ಅವನ ಕತ್ತಿಗೆ ತೋಳು ಸುತ್ತಿ ಪಟ್ಟು ಹಾಕಲು ನೋಡುತ್ತಾನೆ. ಅದು ಕೂಡುವುದಿಲ್ಲ. ಆಮೇಲೆ ಬಲೆಗೆ ಒರಗಿಕೊಂಡು ಎದೆಗೆ ಎದೆ ಕೊಟ್ಟ ಸೆಣಸಾಟ. ಹೆಂಡ್ರಿಕ್ಸ್‌ನ ಮೊಣಕಾಲು ತೊಡೆಗೆ ಗುದ್ದುತ್ತದೆ, ಮೊಣಕೈ ತಲೆಯ ಪಕ್ಕಕ್ಕೆ ಬಡಿಯುತ್ತದೆ. ಸಣ್ಣ ಸಣ್ಣ ಏಟು, ದೂರದಿಂದ ನೋಡಿದರೆ ಲೆಕ್ಕಕ್ಕೇ ಬಾರದಂಥವು. ದೂರ ಸರಿದಾಗ ಸೇಂಟ್ ಪಿಯರ್‌ನ ನೇರ ಎಡಗೈ ಪಂಚ್‌ಗಳು, ಒದೆತಗಳು ಚೊಕ್ಕವಾಗಿ ತಾಗುತ್ತವೆ. ಕಾಲ ಮುಗಿಯುತ್ತದೆ.

ಈಗ ಬರೆಯಿರಿ. ಯಾರಿಗೆ 10?

ಕೆಡವಿದ್ದು ಒಬ್ಬ. ಭಾರವಾದ ಏಟು ಕೊಟ್ಟದ್ದು ಇನ್ನೊಬ್ಬ. ನನ್ನ ಕೈಯಲ್ಲಿ ಚೀಟಿ ಇದ್ದರೆ ಹೆಂಡ್ರಿಕ್ಸ್ ಹೆಸರಿಗೇ ಬರೆಯುತ್ತಿದ್ದೆ. ಬಿದ್ದ ತಕ್ಷಣ ಎದ್ದವನಿಗೆ ಆ ಬೀಳುವಿಕೆಯಿಂದ ಆದ ನಷ್ಟ ಏನೂ ಇರಲಿಲ್ಲ. ಆದರೆ ಇನ್ನೊಂದು ಬದಿಯಲ್ಲಿ ಕೂತು, ಆ ಮೊಣಕೈಗಳು ತಾಗಿದ್ದನ್ನು ಬೆನ್ನಿನ ಕಡೆಯಿಂದಷ್ಟೇ ನೋಡಿದವರು ಬೇರೆ ಬರೆದರೆ ಅವರನ್ನು ಕಳ್ಳರೆನ್ನಲು ನನಗೆ ಬಾಯಿ ಬರುವುದಿಲ್ಲ. ಟ್ರೋಬ್ರಿಜ್ ಹೆಂಡ್ರಿಕ್ಸ್‌ಗೆ ಕೊಟ್ಟರು. ಡಿಅಮಾಟೊ, ವೀಕ್ಸ್ ಇಬ್ಬರೂ ಸೇಂಟ್ ಪಿಯರ್‌ಗೆ ಕೊಟ್ಟರು. ಮೂರೂ ಚೀಟಿ ಹೊರಟುಹೋದವು.

ಎರಡನೆಯ ರೌಂಡಿನಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಹೆಂಡ್ರಿಕ್ಸ್‌ನ ಗುದ್ದುಗಳಿಗೆ ಚಾಂಪಿಯನ್ನನ ಕಾಲುಗಳು ತತ್ತರಿಸುತ್ತವೆ. ಮೂರನೆಯದರಲ್ಲಿ ಸೇಂಟ್ ಪಿಯರ್ ತನ್ನ ದೂರ ಕಾಯ್ದುಕೊಂಡು ಆಟ ಹಿಡಿಯುತ್ತಾನೆ. ನಾಲ್ಕನೆಯದು ಮತ್ತೆ ಹೆಂಡ್ರಿಕ್ಸ್‌ನದು. ಐದನೆಯದರಲ್ಲಿ ಗೆದ್ದೇಬಿಟ್ಟೆನೆಂಬ ನೆಮ್ಮದಿ ಹೆಂಡ್ರಿಕ್ಸ್‌ನ ನಡೆಯಲ್ಲಿ ಕಾಣುತ್ತದೆ. ಹೆಚ್ಚು ಹಸಿವಿನಿಂದ ಆಡಿದವನು ಸೇಂಟ್ ಪಿಯರ್. ಈ ನಾಲ್ಕು ರೌಂಡುಗಳ ವಿಷಯದಲ್ಲಿ ಮೂವರು ಜಡ್ಜ್‌ಗಳ ನಡುವೆ ಒಂದಿಷ್ಟೂ ಭಿನ್ನಮತ ಇರಲಿಲ್ಲ. ಎರಡು ಇವನಿಗೆ, ಎರಡು ಅವನಿಗೆ.

ಅಷ್ಟರಲ್ಲಿ ಸೇಂಟ್ ಪಿಯರ್‌ನ ಮುಖ ನೋಡುವಂತಿರಲಿಲ್ಲ. ಕಣ್ಣಿನ ಸುತ್ತ ಬಾತು, ಕೆನ್ನೆ ಊದಿ, ಚರ್ಮ ಹರಿದು ರಕ್ತ. ಪಕ್ಕದಲ್ಲಿ ನಿಂತ ಹೆಂಡ್ರಿಕ್ಸ್‌ನ ಮುಖದ ಮೇಲೆ ಹೇಳಿಕೊಳ್ಳುವಂಥ ಗಾಯವಿಲ್ಲ. ಟಿವಿಯ ಮುಂದೆ ಕೂತವರಿಗೆ ತೀರ್ಪು ಆ ಎರಡು ಮುಖಗಳ ಮೇಲೇ ಬರೆದಿತ್ತು.

ನಮ್ಮ ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಈ ತಕರಾರು ಹುಟ್ಟುವುದೇ ಇಲ್ಲ. ತಲೆ ಬೋಳಿಸಿದ ಜಟ್ಟಿಗಳು ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿತೋ, ಕಾಳಗ ಮುಗಿಯಿತು. ಅಲ್ಲಿ ರಕ್ತವೇ ತೀರ್ಪು. ಲಾಸ್ ವೇಗಸ್‌ನಲ್ಲಿ ರಕ್ತ ಧಾರಾಳವಾಗಿ ಹರಿಯಿತು, ಆದರೆ ಕೂಡುವ ಲೆಕ್ಕದಲ್ಲಿ ಅದಕ್ಕೆ ಬೇರೆ ಅಂಕಣ ಇರಲಿಲ್ಲ. ಎರಡನೆಯ ರೌಂಡಿನ ತತ್ತರಿಕೆಗೂ ಮೊದಲ ರೌಂಡಿನ ಕೂದಲೆಳೆಯ ಅಂತರಕ್ಕೂ ಒಂದೇ ಬೆಲೆ: 10ಕ್ಕೆ 9. ಇಪ್ಪತ್ತೈದು ನಿಮಿಷದ ಒಂದು ಕಾಳಗವೆಂದು ನಾವು ನೋಡಿದ್ದನ್ನು ಜಡ್ಜ್‌ಗಳು ಐದು ಬೇರೆ ಬೇರೆ ಕಾಳಗಗಳೆಂದು ನೋಡಬೇಕು. ಮುಖ ಊದುವ ಮೊದಲೇ ಮೊದಲನೆಯದರ ತೀರ್ಪು ಆಗಿಹೋಗಿರುತ್ತದೆ.

ಉದ್ಘೋಷಕ ಬ್ರೂಸ್ ಬಫರ್ ಮೈಕ್ ಹಿಡಿದ. 48–47 ಒಬ್ಬನಿಗೆ, 48–47 ಇನ್ನೊಬ್ಬನಿಗೆ. ಮೂರನೆಯದು ಸೇಂಟ್ ಪಿಯರ್‌ಗೆ. ಬೆಲ್ಟ್ ಹಳೆಯ ಸೊಂಟಕ್ಕೇ ಮರಳಿತು, ಹೆಂಡ್ರಿಕ್ಸ್ ಮೊಣಕಾಲೂರಿ ಕುಸಿದ. ಗೆದ್ದವನ ಮಾತಿನಲ್ಲೂ ಗೆಲುವಿನ ಧ್ವನಿ ಇರಲಿಲ್ಲ. ಕೆಲಕಾಲ ಆಟದಿಂದ ದೂರ ಇರಬೇಕು ಎಂದ. ಆಗ ಯುಎಫ್‌ಸಿಯ ಅಧ್ಯಕ್ಷನಾಗಿದ್ದ ಡೇನಾ ವೈಟ್ ಜಡ್ಜ್‌ಗಳನ್ನು ನೇಮಿಸಿದ ನೆವಾಡದ ಆಯೋಗದ ಮೇಲೆ ಕೆಂಡ ಕಾರಿದ. ಒಂದು ತಿಂಗಳೊಳಗೆ, ಡಿಸೆಂಬರ್ 13ರಂದು, ಸೇಂಟ್ ಪಿಯರ್ ಬೆಲ್ಟ್ ಬಿಟ್ಟುಕೊಟ್ಟ. ಮತ್ತೆ ಕಣಕ್ಕಿಳಿದದ್ದು 2017ರಲ್ಲಿ.

ಅದೇ 2017ರ ಜನವರಿಯಿಂದ ತಿದ್ದಿದ ನಿಯಮಗಳು ಬಂದವು. ಯಾರ ಏಟು, ಯಾರ ಪಟ್ಟು ಎದುರಾಳಿಯನ್ನು ನಿಜವಾಗಿ ಕುಗ್ಗಿಸಿತು ಎಂಬುದೇ ಮೊದಲ ಅಳತೆ. ಅದರಲ್ಲಿ ಇಬ್ಬರೂ ಪೂರ್ತಿ ಸಮ ಎನಿಸಿದರೆ ಮಾತ್ರ ಯಾರು ಮುನ್ನುಗ್ಗಿದರು ಎಂದು ನೋಡಬೇಕು. ಕಣ ಯಾರ ಹಿಡಿತದಲ್ಲಿತ್ತು ಎಂಬುದು ಅದಕ್ಕೂ ನಂತರದ ಮಾತು. ಒಳ್ಳೆಯ ಬದಲಾವಣೆ, ಬಹಳ ತಡವಾಗಿ ಬಂದದ್ದು. ಆ ಮೊದಲ ರೌಂಡನ್ನು ಈ ಅಳತೆಯಲ್ಲಿ ಅಳೆದರೆ ಹೆಂಡ್ರಿಕ್ಸ್‌ನ ಮೊಣಕೈಗಳಿಗೆ ತೂಕ ಸಿಗುತ್ತಿತ್ತೆಂದು ನಾನು ನಂಬುತ್ತೇನೆ.

ಹೆಂಡ್ರಿಕ್ಸ್‌ಗೆ ಇನ್ನೊಂದು ಅವಕಾಶ 2014ರ ಮಾರ್ಚ್ 15ರಂದು ಡಲ್ಲಾಸ್‌ನಲ್ಲಿ ಸಿಕ್ಕಿತು. ಖಾಲಿ ಬಿದ್ದ ಬೆಲ್ಟಿಗಾಗಿ ಎದುರಿಗೆ ರಾಬಿ ಲಾಲರ್. ನಾಲ್ಕು ರೌಂಡ್ ಕಳೆದಾಗ ಮತ್ತೆ ಎರಡು ಇವನಿಗೆ, ಎರಡು ಅವನಿಗೆ. ಈ ಸಲ ಮುಖ ಒಡೆದು ರಕ್ತ ಸುರಿಯುತ್ತಿದ್ದದ್ದು ಹೆಂಡ್ರಿಕ್ಸ್‌ನದೂ ಹೌದು. ಐದನೆಯ ರೌಂಡಿನಲ್ಲಿ ಅವನು ಕಾಯಲಿಲ್ಲ. ಹೊಡೆಯುತ್ತಲೇ ಹೋದ, ಕಾಲ ಮುಗಿಯುತ್ತಿರುವಾಗ ಲಾಲರ್‌ನನ್ನು ನೆಲಕ್ಕೆ ಕೆಡವಿದ. ಮೂವರು ಜಡ್ಜ್‌ಗಳ ಚೀಟಿಯಲ್ಲೂ 48–47, ಮೂರೂ ಹೆಂಡ್ರಿಕ್ಸ್ ಹೆಸರಿಗೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಲಾಲರ್ ಆ ಬೆಲ್ಟನ್ನು ಅವನಿಂದ ಕಿತ್ತುಕೊಂಡ. ಅಂದೂ ಇಬ್ಬರು ಜಡ್ಜ್‌ಗಳು ಒಂದು ಕಡೆ, ಒಬ್ಬರು ಇನ್ನೊಂದು ಕಡೆ.