ದಾಸ್ತಾನು ಪುಸ್ತಕದ ಹೊಣೆ

ಪಾತ್ರೆಗಳ ಮೇಲೆ ಹೆಸರು ಕೊರೆಯಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬಂದದ್ದು. ಮದುವೆ ಮುಂಜಿಗಳಲ್ಲಿ ಪಾತ್ರೆಗಳು ಮನೆಯಿಂದ ಮನೆಗೆ ಹೋಗುತ್ತವೆ. ಹೆಸರಿದ್ದವು ಮರಳಿ ಬರುತ್ತವೆ. ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುವ ಈ ವಿವೇಕವು, ಗಣಕಯಂತ್ರಗಳನ್ನೇ ನಂಬಿ ನಡೆಯುವ ವ್ಯವಹಾರ ಸಂಸ್ಥೆಗಳಿಗೆ ಏಕೆ ಅಗತ್ಯವೆಂಬುದನ್ನು ಇಲ್ಲಿ ವಿವರಿಸಬಯಸುತ್ತೇನೆ.

ಕಚೇರಿಯ ಮೇಜು ಕುರ್ಚಿಗಳನ್ನು ಜವಾನನೂ ಎಣಿಸಿ ಹೇಳಬಲ್ಲ. ಗಣಕ ಸಂಪತ್ತಿನ ಸ್ವಭಾವ ಬೇರೆ. ಯಂತ್ರ ಕಣ್ಣಿಗೆ ಬೀಳುತ್ತದೆ. ಅದರೊಳಗಿನ ತಂತ್ರಾಂಶ ಬೀಳುವುದಿಲ್ಲ. ಒಂದು ತಂತ್ರಾಂಶದ ಒಡಲಲ್ಲಿ ಬೇರೆಯವರು ಬರೆದ ಹತ್ತಾರು ತಂತ್ರಾಂಶಗಳು ಅಡಗಿರುತ್ತವೆ. ಕೆಲವಕ್ಕೆ ಪರವಾನಗಿಯ ಅವಧಿಯುಂಟು, ಎಲ್ಲಕ್ಕೂ ಆಗಾಗ ದುರಸ್ತಿ ಬೇಕು. ಯಾವುದು ಎಲ್ಲಿದೆ, ಯಾರ ವಶದಲ್ಲಿದೆ, ಎಂದು ದುರಸ್ತಿಯಾಗಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟ ಪುಸ್ತಕವೇ ಇದರ ದಾಸ್ತಾನು ಪುಸ್ತಕ.

ಆ ಪುಸ್ತಕವಿಲ್ಲದಿದ್ದರೆ ಏನಾಗುತ್ತದೆ? ಅಮೆರಿಕದ ಅಟ್ಲಾಂಟಾ ನಗರದ ಈಕ್ವಿಫ್ಯಾಕ್ಸ್ ಎಂಬ ಸಂಸ್ಥೆಯ ಕಥೆ ಇದಕ್ಕೆ ಉತ್ತರ ಹೇಳುತ್ತದೆ. ಜನರ ಸಾಲ, ಮರುಪಾವತಿಗಳ ವಿವರಗಳನ್ನು ಕೂಡಿಟ್ಟು ಬ್ಯಾಂಕುಗಳಿಗೆ ಒದಗಿಸುವುದು ಅದರ ಉದ್ಯೋಗ. 2017ರ ಮಾರ್ಚ್ ತಿಂಗಳಲ್ಲಿ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದಲ್ಲಿ ದೋಷವೊಂದಿರುವುದು ಪ್ರಕಟವಾಯಿತು. ಅದರ ಪರಿಹಾರವೂ ಜೊತೆಯಲ್ಲೇ ದೊರೆಯಿತು. ಸಂಸ್ಥೆಯೊಳಗೆ ನಾನೂರಕ್ಕೂ ಹೆಚ್ಚು ಮಂದಿಗೆ ಎಚ್ಚರಿಕೆಯ ಪತ್ರ ಹೋಯಿತು. ಗ್ರಾಹಕರ ತಕರಾರುಗಳನ್ನು ಸ್ವೀಕರಿಸುವ ವಿಭಾಗದಲ್ಲಿ ಆ ತಂತ್ರಾಂಶವಿದೆಯೆಂದು ಬಲ್ಲ ತಂತ್ರಜ್ಞನಿಗೆ ಮಾತ್ರ ಆ ಪತ್ರ ತಲುಪಲಿಲ್ಲ. ಹುಡುಕಿದವರಿಗೆ ಅದು ಕಾಣಲೂ ಇಲ್ಲ. ಮೇ ತಿಂಗಳಿಂದ ಜುಲೈ ಕೊನೆಯವರೆಗೆ ಕಳ್ಳರು ಅದೇ ಬಾಗಿಲಿನಿಂದ ಓಡಾಡಿಕೊಂಡಿದ್ದರು. ಹೋಗಿಬರುವುದನ್ನು ತಪಾಸಣೆ ಮಾಡಬೇಕಾದ ಉಪಕರಣವೂ ಇತ್ತು; ಆದರೆ ಅದಕ್ಕೆ ಬೇಕಾದ ಪ್ರಮಾಣಪತ್ರದ ಅವಧಿ ತಿಂಗಳುಗಳ ಹಿಂದೆಯೇ ಮುಗಿದು, ಕಾವಲುಗಾರ ಕುರುಡನಾಗಿದ್ದ. ಜುಲೈ 29ರಂದು ಅದನ್ನು ನವೀಕರಿಸಿದೊಡನೆ ಕಳವು ಕಣ್ಣಿಗೆ ಬಿತ್ತು.

ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ಹೆಸರು, ಜನ್ಮದಿನಾಂಕ ಮೊದಲಾದ ವಿವರಗಳು ಪರರ ಪಾಲಾಗಿದ್ದವು. ಇವರಲ್ಲಿ ಬಹುಪಾಲು ಜನ ಆ ಸಂಸ್ಥೆಯ ಬಾಗಿಲಿಗೆ ತಾವಾಗಿ ಹೋದವರಲ್ಲ. ಅವರ ವಿವರಗಳು ಸಾಲ ಕೊಟ್ಟವರ ಮೂಲಕ ಅಲ್ಲಿಗೆ ಸೇರಿದ್ದವು. ಗಣಕ ಸಂಪತ್ತಿನ ಸಮಗ್ರ ಪಟ್ಟಿ ಇಲ್ಲವೆಂದು 2015ರಲ್ಲೇ ಸಂಸ್ಥೆಯ ಆಂತರಿಕ ಪರಿಶೋಧನೆ ತಿಳಿಸಿತ್ತೆಂಬುದು 2019ರ ಸೆನೆಟ್ ಉಪಸಮಿತಿಯ ವರದಿಯಿಂದ ಹೊರಬಂತು.

ಯಂತ್ರ ಹಳತಾದ ಮೇಲೂ ಹೊಣೆ ಮುಗಿಯುವುದಿಲ್ಲ. ಮಾರ್ಗನ್ ಸ್ಟಾನ್ಲಿ ಎಂಬ ಹಣಕಾಸು ಸಂಸ್ಥೆ 2016ರಲ್ಲಿ ತನ್ನ ಎರಡು ಗಣಕ ಕೇಂದ್ರಗಳನ್ನು ಮುಚ್ಚಿದಾಗ, ಮಾಹಿತಿಯನ್ನು ಅಳಿಸುವ ಅನುಭವವಿಲ್ಲದ ಸಾಗಣೆದಾರರಿಗೆ ಆ ಕೆಲಸವನ್ನು ವಹಿಸಿತು. ಗ್ರಾಹಕರ ವಿವರಗಳಿದ್ದ ಕೆಲವು ಉಪಕರಣಗಳು ಹರಾಜಿಗೆ ಬಂದವು. ಇದಕ್ಕಾಗಿ 2022ರಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಣ ಆಯೋಗ 3.5 ಕೋಟಿ ಡಾಲರ್ ದಂಡ ವಿಧಿಸಿತು. ನಾವು ರದ್ದಿ ಕಾಗದವನ್ನು ಮಾರುವ ಮೊದಲು ಒಮ್ಮೆ ತಿರುವಿ ನೋಡುತ್ತೇವೆ. ಅಲ್ಲಿ ಅಷ್ಟೂ ಆಗಲಿಲ್ಲ.

ಪಟ್ಟಿ ಬರೆಯುವುದು ಗುಮಾಸ್ತರ ಕೆಲಸವೆಂದು ಮೇಲಧಿಕಾರಿಗಳು ಸಾಮಾನ್ಯವಾಗಿ ಉದಾಸೀನ ಮಾಡುತ್ತಾರೆ. ಒಮ್ಮೆ ಬರೆದು ಕಪಾಟಿನಲ್ಲಿಟ್ಟ ಪಟ್ಟಿಯಿಂದ ಪ್ರಯೋಜನವೂ ಇಲ್ಲ. ಹೊಸ ಯಂತ್ರ ಬಂದಾಗ, ನೌಕರನೊಬ್ಬ ಕೆಲಸ ಬಿಟ್ಟಾಗ, ತಂತ್ರಾಂಶವೊಂದು ಬದಲಾದಾಗ ಅದನ್ನು ತಿದ್ದಬೇಕು. ಪ್ರತಿಯೊಂದು ವಸ್ತುವಿನ ಎದುರಿಗೂ ಹೊಣೆಗಾರನ ಹೆಸರಿರಬೇಕು. ಯಂತ್ರ ಸಂಸ್ಥೆಯ ಸ್ವತ್ತೇ ಇರಬಹುದು. ಅದರೊಳಗಿನ ಬದುಕಿನ ವಿವರಗಳು ಪರರ ಒತ್ತೆ. ಒತ್ತೆಯನ್ನು ಎಲ್ಲಿಟ್ಟೆನೆಂದು ತಿಳಿಯದವನು ಅದನ್ನು ಕಾಯುವ ಮಾತಾದರೂ ಎಲ್ಲಿಂದ ಬಂತು?