ಚಕ್ರ ಬದಲಿಸಿದ್ಮೇಲೆ ಹಳದಿ ಲೈಟ್ ಆರ್ತಿಲ್ವಾ? ಸೆನ್ಸರ್ ಎಲ್ಲಿದೆ ಅಂತ ಮೊದ್ಲು ನೋಡಿ

ಯಗಟಿ: ಕಾರಿನ ಮೀಟರ್ ಬೋರ್ಡಿನಲ್ಲಿ ಕುದುರೆ ಲಾಳದಂತೆ ಕಾಣುವ ಹಳದಿ ಗುರುತು, ಅದರ ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಟೈರಿನ ಗಾಳಿ ಒತ್ತಡ ನೋಡಿಕೊಳ್ಳುವ ವ್ಯವಸ್ಥೆಯ ಲೈಟ್ ಅದು. ಹೊಸ ಕಾರು ತಗೊಂಡ ಬಹಳ ಜನಕ್ಕೆ ಇದರ ಪರಿಚಯ ಆಗೋದು ಪಂಕ್ಚರ್ ಆದ ದಿನ, ಇಲ್ಲವೇ ಅಲಾಯ್ ವೀಲ್ ಬದಲಿಸಿದ ದಿನ. ಪಂಕ್ಚರ್ ಆದಾಗ ಲೈಟ್ ಯಾಕೆ ಬಂತು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಆದರೆ ಹೊಚ್ಚ ಹೊಸ ಟೈರು, ಗಾಳಿ ಸರಿಯಾಗಿದೆ, ಆದರೂ ಲೈಟ್ ಆರ್ತಾ ಇಲ್ಲ ಅಂದ್ರೆ ತಲೆ ಕೆಡುತ್ತೆ.

ಕಾರಣ ಸರಳ. ಸೆನ್ಸರ್ ಇರೋದು ಚಕ್ರದ ಒಳಗೆ, ಗಾಳಿ ತುಂಬುವ ವಾಲ್ವಿನ ಬುಡದಲ್ಲಿ. ಹಳೇ ಚಕ್ರ ಬಿಚ್ಚಿ ಅಟ್ಟಕ್ಕೆ ಹಾಕಿದ್ರೆ ಸೆನ್ಸರೂ ಅಟ್ಟಕ್ಕೇ ಹೋಯ್ತು. ಕಾರು ಮಾತ್ರ ಅದನ್ನೇ ಹುಡುಕ್ತಾ ಇರುತ್ತೆ.

ಎರಡು ಸೆಟ್ ಚಕ್ರ ಯಾರಿಗೆ ಬೇಕು ಅಂತ ಕೇಳಬಹುದು. ನಮ್ಮ ಜಿಲ್ಲೆಗೆ ಮೋಟಾರ್ ಸ್ಪೋರ್ಟ್ ಹೊಸದೇನಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳೇ ನಡೆದಿವೆ. ಕಾಫಿ ಡೇ ಇಂಡಿಯಾ ರ‍್ಯಾಲಿ ಅಂದರೆ ಈಗಲೂ ಹಲವರಿಗೆ ನೆನಪಿದೆ. 2016ರಲ್ಲಿ ಗೌರವ್ ಗಿಲ್ ಆ ಚಾಂಪಿಯನ್‌ಶಿಪ್ ಗೆದ್ದಾಗ ಇಲ್ಲಿನ ಸುತ್ತೂ ಅದರಲ್ಲಿತ್ತು. ಅಂಥ ರ‍್ಯಾಲಿ ಕಾರುಗಳಿಗೆ ಈ ಹಳದಿ ಲೈಟಿನ ಚಿಂತೆ ಇಲ್ಲ, ಅವರ ಸರ್ವಿಸ್ ತಂಡವೇ ಗಾಳಿ ನೋಡುತ್ತೆ. ಚಿಂತೆ ಇರೋದು ಮನೆಯ ಕಾರನ್ನೇ ಆಟೋಕ್ರಾಸಿಗೋ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಒಯ್ಯುವ ಹುಡುಗರಿಗೆ. ರಸ್ತೆಗೆ ಒಂದು ಸೆಟ್, ಟ್ರ್ಯಾಕಿಗೆ ಇನ್ನೊಂದು. ಇನ್ನು ಟ್ರ್ಯಾಕ್ ಹೆಸರೇ ಕೇಳದವರೂ ಕಡೂರಲ್ಲೋ ಬೀರೂರಲ್ಲೋ ದೊಡ್ಡ ಅಲಾಯ್ ಹಾಕಿಸಿಕೊಂಡು ಬಂದ್ರೆ ಇದೇ ಪ್ರಶ್ನೆ ಎದುರಿಸ್ತಾರೆ.

ಸೆನ್ಸರ್ ಅಂದ್ರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಒತ್ತಡ ಮತ್ತು ಶಾಖ ಅಳೆಯುವ ಚಿಪ್, ಒಂದು ಪುಟ್ಟ ರೇಡಿಯೊ, ಒಂದು ಲಿಥಿಯಂ ಸೆಲ್. ಚಕ್ರ ತಿರುಗೋಕೆ ಶುರುವಾದ್ರೆ ಎಚ್ಚರಾಗುತ್ತೆ, ಆಗಾಗ ಕಾರಿಗೆ ಸಂದೇಶ ಕಳಿಸುತ್ತೆ, ನಿಂತರೆ ಮಲಗುತ್ತೆ. ಅದಕ್ಕೇ ಕಾರು ಸ್ಟಾರ್ಟ್ ಮಾಡಿದ ಕೂಡಲೇ ನಂಬರ್ ಕಾಣಲ್ಲ, ಸ್ವಲ್ಪ ದೂರ ಓಡಿಸಿದ ಮೇಲೆ ಬರುತ್ತೆ. ಪ್ರತಿ ಸೆನ್ಸರಿಗೂ ಅದರದ್ದೇ ಗುರುತಿನ ಸಂಖ್ಯೆ ಇದೆ, ನಮ್ಮ ಆಧಾರ್ ನಂಬರ್ ಇದ್ದ ಹಾಗೆ. ಕಾರಿನ ಕಂಪ್ಯೂಟರ್ ನಾಲ್ಕು ಸಂಖ್ಯೆ ನೆನಪಿಟ್ಟುಕೊಂಡು ಅವುಗಳ ಮಾತನ್ನು ಮಾತ್ರ ಕೇಳುತ್ತೆ. ಪಕ್ಕದಲ್ಲಿ ನಿಂತ ಕಾರಿನ ಗಾಳಿ ನಿಮ್ಮ ಮೀಟರಿನಲ್ಲಿ ಕಾಣಬಾರದಲ್ಲ, ಅದಕ್ಕೆ.

ಎಲ್ಲ ಕಾರಿನಲ್ಲೂ ಹೀಗೇ ಅಂತಲ್ಲ. ಇನ್ನೊಂದು ಬಗೆಯಲ್ಲಿ ಚಕ್ರದೊಳಗೆ ಏನೂ ಇರಲ್ಲ. ಎಬಿಎಸ್ ಬ್ರೇಕಿಗೆಂದು ಹಾಕಿರುವ, ಚಕ್ರ ಎಷ್ಟು ವೇಗವಾಗಿ ಸುತ್ತುತ್ತಿದೆ ಅಂತ ನೋಡುವ ಸೆನ್ಸರನ್ನೇ ಇಲ್ಲೂ ಬಳಸ್ತಾರೆ. ಗಾಳಿ ಇಳಿದ ಟೈರು ಸ್ವಲ್ಪ ಕುಗ್ಗಿ ಬೇರೆಯವಕ್ಕಿಂತ ಹೆಚ್ಚು ಸುತ್ತು ಸುತ್ತುತ್ತೆ, ಅದರಿಂದ ಲೆಕ್ಕ ಹಾಕುತ್ತೆ. ಫೋಕ್ಸ್‌ವ್ಯಾಗನ್ ವರ್ಟಸ್, ಟೈಗುನ್ ಥರದ ಕಾರುಗಳಲ್ಲಿ ಈ ಪರೋಕ್ಷ ಪದ್ಧತಿ ಇದೆ. ಹುಂಡೈ, ಕಿಯಾದವರು ಹೈಲೈನ್ ಅಂತ ಕರೆಯೋದು ಚಕ್ರದೊಳಗೆ ಸೆನ್ಸರ್ ಇರುವ ಬಗೆ. ನಿಮ್ಮದು ಯಾವುದು ಅಂತ ತಿಳಿಯೋಕೆ ಮೀಟರ್ ನೋಡಿ. ನಾಲ್ಕೂ ಟೈರಿನ ಪಿಎಸ್‌ಐ ಬೇರೆ ಬೇರೆ ಕಾಣಿಸಿದ್ರೆ ಒಳಗೆ ಸೆನ್ಸರ್ ಇದೆ. ಬರೀ ಲೈಟು, ಜೊತೆಗೆ ಸೆಟ್ ಅಂತ ಒಂದು ಬಟನ್ನು ಅಥವಾ ಮೆನು ಇದ್ರೆ ಬಹುತೇಕ ಪರೋಕ್ಷ. ಅನುಮಾನ ಇದ್ರೆ ಮಾಲೀಕರ ಕೈಪಿಡಿ ನೋಡಿ, ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಕವರ್ ಸಮೇತ ಹಾಗೇ ಬಿದ್ದಿರುತ್ತೆ.

ಪರೋಕ್ಷ ಪದ್ಧತಿಯವರಿಗೆ ಚಕ್ರ ಬದಲಿಸೋದು ಸುಲಭ. ಹೊಸ ಸೆಟ್ ಹಾಕಿ, ತಣ್ಣಗಿರುವಾಗ ಗಾಳಿ ಸರಿ ಮಾಡಿ, ಸೆಟ್ ಒತ್ತಿ. ಗಾಳಿ ಸರಿ ಮಾಡದೆ ಸೆಟ್ ಒತ್ತಿದ್ರೆ ಮಾತ್ರ ಕೆಟ್ಟಿತು. ಆಗ 22 ಪಿಎಸ್‌ಐ ಇದ್ರೂ ಕಾರು ಅದನ್ನೇ ಸರಿ ಅಂತ ಕಲಿತುಬಿಡುತ್ತೆ, ಆಮೇಲೆ ಸುಮ್ಮನಿರುತ್ತೆ. ನಾಲ್ಕೂ ಟೈರಲ್ಲಿ ಒಟ್ಟಿಗೇ ನಿಧಾನವಾಗಿ ಗಾಳಿ ಇಳಿದ್ರೂ ಈ ಪದ್ಧತಿಗೆ ಅದನ್ನು ಹಿಡಿಯೋದು ಕಷ್ಟ, ಯಾಕಂದ್ರೆ ಹೋಲಿಸೋಕೆ ಸರಿಯಾದ ಚಕ್ರ ಒಂದೂ ಉಳಿದಿರಲ್ಲ.

ಒಳಗೆ ಸೆನ್ಸರ್ ಇರುವ ಕಾರಿನವರು ಮೊದಲು ಲೈಟ್ ಹೇಗೆ ಬರುತ್ತೆ ಅಂತ ಗಮನಿಸಬೇಕು. ಕೀ ತಿರುಗಿಸಿದಾಗ ಒಂದು ನಿಮಿಷದಷ್ಟು ಹೊತ್ತು ಮಿನುಗಿ ಆಮೇಲೆ ಸ್ಥಿರವಾಗಿ ನಿಂತ್ರೆ ಹೆಚ್ಚಿನ ಕಾರುಗಳಲ್ಲಿ ಅದರ ಅರ್ಥ "ಸೆನ್ಸರ್ ಸಿಗ್ತಿಲ್ಲ". ಮಿನುಗದೆ ನೇರವಾಗಿ ಹೊತ್ತಿ ನಿಂತ್ರೆ "ಗಾಳಿ ಕಡಿಮೆ ಇದೆ". ಸ್ಟೆಪ್ನಿ ಹಾಕಿಕೊಂಡು ಊರಿಗೆ ಬರುವಾಗ ಮಿನುಗಿದ್ರೆ ಗಾಬರಿ ಬೇಡ, ಬಹಳ ಕಾರುಗಳ ಸ್ಟೆಪ್ನಿಯಲ್ಲಿ ಸೆನ್ಸರೇ ಇರಲ್ಲ. ಆದರೆ ಎರಡನೇ ಬಗೆಯದ್ದು ಬಂದಾಗ "ಅಯ್ಯೋ ಅದು ಯಾವಾಗ್ಲೂ ಇರುತ್ತೆ ಬಿಡಿ" ಅಂದರೆ ಅಪಾಯ. ಸೆನ್ಸರ್ ಇಲ್ಲದ ಚಕ್ರದಲ್ಲಿ ಆರು ತಿಂಗಳು ಓಡಿಸಿದವನಿಗೆ ಲೈಟ್ ಕಣ್ಣಿಗೇ ಬೀಳಲ್ಲ. ನಿಜವಾದ ಪಂಕ್ಚರ್ ಆದಾಗಲೂ ಅದೇ ಲೈಟು, ಹೊಸದೇನೂ ಹೊತ್ತಲ್ಲ.

ಎರಡು ಸೆಟ್ ಇಟ್ಟುಕೊಳ್ಳುವವರಿಗೆ ದಾರಿ ಕೆಲವಿವೆ. ಎರಡನೇ ಸೆಟ್ಟಿಗೂ ಸೆನ್ಸರ್ ಹಾಕಿಸಿ, ಪ್ರತಿ ಸಲ ಚಕ್ರ ಬದಲಿಸಿದಾಗ ಕಾರಿಗೆ ಹೊಸ ಸಂಖ್ಯೆ ಕಲಿಸೋದು ಒಂದು. ಕೆಲವು ಕಾರು ಸ್ವಲ್ಪ ಹೊತ್ತು ಓಡಿಸಿದ್ರೆ ತಾನೇ ಕಲಿಯುತ್ತೆ, ಕೆಲವಕ್ಕೆ ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಸ್ಕ್ಯಾನರ್ ಸಿಗಿಸಬೇಕು. ನಿಮ್ಮ ಕಾರು ಎರಡನೇ ಜಾತಿಯದಾದ್ರೆ ಪ್ರತಿ ಸಲ ಶೋರೂಮಿಗೆ ಅಲೆದಾಟ, ಇಲ್ಲವೇ ನಿಮ್ಮದೇ ಒಂದು ಸ್ಕ್ಯಾನರ್ ಬೇಕು. ಎರಡು ಸೆಟ್ಟಿನ ಸಂಖ್ಯೆಗಳನ್ನೂ ನೆನಪಿಟ್ಟುಕೊಳ್ಳುವ ಕಾರುಗಳೂ ಇವೆ, ಅಂಥದ್ದು ಇದ್ದವರು ಪುಣ್ಯವಂತರು.

ಇನ್ನೊಂದು ದಾರಿ ನಕಲು. ಹಳೇ ಸೆನ್ಸರಿನ ಸಂಖ್ಯೆಯನ್ನೇ ಹೊಸದಕ್ಕೆ ಬರೆಸೋದು. ಕಾರಿಗೆ ವ್ಯತ್ಯಾಸವೇ ತಿಳಿಯಲ್ಲ, ಏನೂ ಕಲಿಸಬೇಕಿಲ್ಲ. ಒಂದೇ ತೊಂದರೆ ಅಂದ್ರೆ ಎರಡು ಸೆಟ್ಟೂ ಒಟ್ಟಿಗೆ ಕಾರಿನ ಹತ್ತಿರ ಇರಬಾರದು. ಟ್ರ್ಯಾಕ್ ಚಕ್ರ ಹಾಕ್ಕೊಂಡು ರಸ್ತೆ ಚಕ್ರ ಡಿಕ್ಕಿಯಲ್ಲಿಟ್ಟು ಹೊರಟ್ರೆ ಒಂದೇ ಸಂಖ್ಯೆಯಲ್ಲಿ ಇಬ್ಬರು ಮಾತಾಡಿದ ಹಾಗಾಗುತ್ತೆ. ಡಿಕ್ಕಿಯಲ್ಲಿರೋದರ ಗಾಳಿಯನ್ನು ಮೀಟರ್ ತೋರಿಸಬಹುದು.

ಸೆನ್ಸರ್ ಕೊಳ್ಳುವಾಗ ಇನ್ನೊಂದು ವಿಷಯ. ನಮ್ಮ ದೇಶದ ಕಾರುಗಳ ಸೆನ್ಸರ್ ಮಾತಾಡೋದು 433 ಮೆಗಾಹರ್ಟ್ಸ್ ತರಂಗದಲ್ಲಿ. ಅಮೆರಿಕದ ಬಹಳಷ್ಟು ಕಾರುಗಳದ್ದು 315. ಅಲ್ಲಿರೋ ತಮ್ಮನೋ ಭಾಮೈದನೋ ಪ್ರೀತಿಯಿಂದ ತಂದುಕೊಟ್ಟ ಸೆನ್ಸರ್ ಇಲ್ಲಿ ಮೂಕ. ಆನ್‌ಲೈನಿನಲ್ಲಿ ತರಿಸುವವರೂ ಈ ಸಂಖ್ಯೆ ನೋಡಿಯೇ ದುಡ್ಡು ಕಟ್ಟಬೇಕು.

ಅಂತರ್ಜಾಲದಲ್ಲಿ ಸಿಗುವ ಒಂದು ಉಪಾಯದ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳಬೇಕು. ನಾಲ್ಕೂ ಸೆನ್ಸರ್ ಬಿಚ್ಚಿ, ಎರಡೂ ಕಡೆ ಮುಚ್ಚಿದ ಪಿವಿಸಿ ಪೈಪಿನೊಳಗೆ ಹಾಕಿ, ಅದಕ್ಕೆ 33 ಪಿಎಸ್‌ಐ ಗಾಳಿ ತುಂಬಿ ಡಿಕ್ಕಿಯಲ್ಲಿಡೋದು. ಲೈಟ್ ಆರುತ್ತೆ, ನಿಜ. ಬೋರ್‌ವೆಲ್ಲಿಗೆ ಪೈಪ್ ಕೂಡಿಸಿ ಅಭ್ಯಾಸ ಇರುವ ನಮ್ಮವರಿಗೆ ಇದು ಐದು ನಿಮಿಷದ ಕೆಲಸ. ಆದರೆ ಆಮೇಲೆ ಟೈರು ನೆಲಕ್ಕೆ ಕಚ್ಚಿದ್ರೂ ಮೀಟರ್ ಎಲ್ಲ ಸರಿಯಿದೆ ಅನ್ನುತ್ತೆ. ಹೊತ್ತಿಕೊಂಡಿರುವ ಲೈಟಾದ್ರೂ ವಾಸಿ, ಇದು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವ ಕಾರಿಗೆ ಸುಳ್ಳು ಹೇಳೋಕೆ ಕಲಿಸಿದ ಹಾಗೆ. ಬೇಡ.

ಕಡಿಮೆ ಖರ್ಚಲ್ಲಿ ಮುಗಿಯಬೇಕು ಅನ್ನೋರಿಗೆ ವಾಲ್ವಿನ ಕ್ಯಾಪಿನ ಜಾಗದಲ್ಲಿ ತಿರುಗಿಸಿ ಕೂರಿಸುವ ಸೆನ್ಸರ್ ಕಿಟ್ ಇದೆ, ಡ್ಯಾಶ್‌ಬೋರ್ಡ್ ಮೇಲೆ ಇಡುವ ಪುಟ್ಟ ಪರದೆ ಜೊತೆಗೆ ಬರುತ್ತೆ. ಚಕ್ರ ಬದಲಿಸಿದಾಗ ಕ್ಯಾಪ್ ಬಿಚ್ಚಿ ಇದಕ್ಕೆ ಹಾಕಿದ್ರೆ ಮುಗೀತು, ಅದೇ ಜಾಗದ ಚಕ್ರಕ್ಕೆ ಅದೇ ಕ್ಯಾಪ್ ಅಂತ ನೋಡಿಕೊಳ್ಳಿ. ಕಾರಿನ ಸ್ವಂತ ಲೈಟ್ ಹೊತ್ತೇ ಇರುತ್ತೆ, ಆದರೆ ನಿಜವಾದ ಸಂಖ್ಯೆ ಕಣ್ಣೆದುರಿಗಿರುತ್ತೆ. ಸರಿಯಾಗಿ ಬಿಗಿಯದಿದ್ರೆ ಅದರಿಂದಲೇ ಗಾಳಿ ಸೋರಬಹುದು, ಬಸ್ ಸ್ಟ್ಯಾಂಡ್ ಹತ್ತಿರ ರಾತ್ರಿ ನಿಲ್ಲಿಸಿದ್ರೆ ಯಾರಾದ್ರೂ ಬಿಚ್ಚಿಕೊಂಡೂ ಹೋಗಬಹುದು. ಕಲ್ಲು ಮಣ್ಣಿನ ಆಟೋಕ್ರಾಸಿಗೆ ಇಳಿಯುವಾಗ ಬಿಚ್ಚಿಡೋದೇ ಮೇಲು. ಆದರೂ ನಮ್ಮ ಕಡೆಯ ಹೆಚ್ಚಿನವರಿಗೆ ಇದು ಮತ್ತು ಒಂದು ಒಳ್ಳೆ ಗೇಜು ಸಾಕು ಅನ್ನೋದು ನಮ್ಮ ಅಭಿಪ್ರಾಯ.

ಟ್ರ್ಯಾಕಿಗೆ ಹೋಗುವವರು ಗಾಳಿಯ ಲೆಕ್ಕ ತಿಳಿದಿರಲೇಬೇಕು. ಮಾಮೂಲಿ ಕಾರಿನ ಟೈರಿನಲ್ಲಿ ಶಾಖ 10 ಡಿಗ್ರಿ ಏರಿದ್ರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತೆ. ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಟೈರು ಕಾದು ಒತ್ತಡ ಸಿಕ್ಕಾಪಟ್ಟೆ ಏರುತ್ತೆ ಅಂತ ಬಿಸಿಯಲ್ಲೇ ಗಾಳಿ ಬಿಡ್ತಾರೆ. ಒಳಗಿನ ಗಾಳಿ 80 ಡಿಗ್ರಿ ಇರುವಾಗ 32ಕ್ಕೆ ಇಳಿಸಿದ್ರಿ ಅಂದುಕೊಳ್ಳಿ. ಅದೇ ಟೈರು 30 ಡಿಗ್ರಿಗೆ ತಣ್ಣಗಾದಾಗ ಉಳಿಯೋದು ಹೆಚ್ಚುಕಡಿಮೆ 25. ಅದೇ ಚಕ್ರದಲ್ಲಿ ರಾತ್ರಿ ಊರಿನ ಕಡೆ ಹೊರಟು, ಬಿ.ಎಚ್. ರಸ್ತೆಯಲ್ಲಿ ನಾಲ್ಕು ಜನ, ಲಗೇಜು ಸಮೇತ ನೂರರ ವೇಗ ಹಿಡಿದ್ರೆ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾದು ಸಿಡಿಯೋದು ಹೀಗೇ. ಲೈಟ್ ಹೇಗೂ ಹೊತ್ತಿಕೊಂಡೇ ಇದೆಯಲ್ಲ, ಯಾರು ನೋಡ್ತಾರೆ? ವಾಪಸ್ ಹೊರಡುವ ಮುಂಚೆ ಗೇಜು ಹಿಡಿದು ನಾಲ್ಕೂ ಟೈರಿಗೆ ಗಾಳಿ ತುಂಬಿಸಿ. ಅಲ್ಲೇ ರಸ್ತೆ ಚಕ್ರ ಹಾಕಿಕೊಂಡ್ರೆ ಅದರ ಗಾಳಿಯನ್ನೂ ನೋಡಿ, 50 ಕಿ.ಮೀ. ಓಡಿದ ಮೇಲೆ ನಿಲ್ಲಿಸಿ ನಟ್ಟು ಇನ್ನೊಮ್ಮೆ ಬಿಗಿ ಮಾಡಿ.

ಲೈಟನ್ನೇ ಪೂರ್ತಿ ನಂಬೋ ಹಾಗೂ ಇಲ್ಲ. 2000ನೇ ಇಸವಿ ಸುಮಾರಿಗೆ ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರು ಕಿತ್ತುಬಂದು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಮಗುಚಿ ಬಹಳ ಜನ ಸತ್ತ ಮೇಲೆ ಅಲ್ಲಿ ಈ ವ್ಯವಸ್ಥೆ ಕಡ್ಡಾಯವಾಯಿತು. ಆ ನಿಯಮದಲ್ಲೂ ಲೈಟ್ ಹೊತ್ತಬೇಕಾದ್ದು ಗಾಳಿ 25 ಶೇಕಡಾ ಇಳಿದಾಗ. ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ 33 ಅಂತ ಇದ್ರೆ 25ಕ್ಕೆ ಬರುವ ತನಕ ಅದು ಬಾಯಿ ಬಿಡದೇ ಇರಬಹುದು. ಹಿಂದಿನ ಸೀಟು ಮಡಚಿ ಕೊಬ್ಬರಿ ಚೀಲ, ಅಂಗಡಿ ಸಾಮಾನು ಹೇರುವವರು ಅದೇ ಸ್ಟಿಕ್ಕರಿನಲ್ಲಿ ಲೋಡಿಗೆ ಬೇರೆ ಸಂಖ್ಯೆ ಇದೆಯಾ ನೋಡಿ. ಎಷ್ಟು ಹೇರಿದ್ದೀರಿ ಅಂತ ಸೆನ್ಸರಿಗೆ ಗೊತ್ತಾಗಲ್ಲ.

ಇತ್ತೀಚೆಗೆ ಸ್ಟೆಪ್ನಿ ಇಲ್ಲದ ಕಾರುಗಳೂ ಬರ್ತಿವೆ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ರಿಪೇರಿ ಕಿಟ್ ಇದ್ರೆ ಸ್ಟೆಪ್ನಿ ಬೇಕಿಲ್ಲ ಅಂತ ಮಾಡಿತು. ಅಂಥ ಕಾರಿಗೆ ಸೆನ್ಸರ್ ಇಲ್ಲದ ಅಲಾಯ್ ಹಾಕಿಸಿದ್ರೆ ಸ್ಟೆಪ್ನಿಯೂ ಇಲ್ಲ, ಎಚ್ಚರಿಸೋದೂ ಇಲ್ಲ. ಹೊಸಬರು ಇದನ್ನ ಯೋಚಿಸೋದೇ ಇಲ್ಲ.

ಪಂಕ್ಚರ್ ಅಂಗಡಿಯವರಿಗೂ ಒಂದೆರಡು ಮಾತು. ಟೈರ್ ಬಿಚ್ಚುವ ಮುಂಚೆ "ಸೆನ್ಸರ್ ಇದೆಯಾ?" ಅಂತ ಕೇಳಿ. ಗಿರಾಕಿಗೆ ಗೊತ್ತಿಲ್ಲದಿದ್ರೆ ವಾಲ್ವ್ ನೋಡಿ. ಲೋಹದ ವಾಲ್ವು, ಬುಡದಲ್ಲಿ ನಟ್ಟು ಇದ್ರೆ ಬಹುತೇಕ ಇದೆ. ರಬ್ಬರ್ ವಾಲ್ವಿನಲ್ಲೂ ಇರಬಹುದು, ಹಾಗಾಗಿ ಇಲ್ಲ ಅಂತ ನಿರ್ಧರಿಸಬೇಡಿ. ಅಂಚು ಒತ್ತಿ ಬಿಡಿಸುವಾಗ ಒತ್ತೋ ಹಲಗೆ ವಾಲ್ವಿನ ಹತ್ತಿರ ಬರಕೂಡದು, ಲಿವರ್ ಹಾಕೋದೂ ಅಲ್ಲಿಂದ ದೂರ. ಒಂದು ಏಟಿಗೆ ಡಬ್ಬಿ ಒಡೆದ್ರೆ ಪಂಕ್ಚರಿನ ಕೂಲಿಗೆ ಅದರ ದುಡ್ಡು ಹುಟ್ಟಲ್ಲ. ಒಳಗಿನ ಪಿನ್ ಬದಲಿಸುವಾಗ ಅಲ್ಯೂಮಿನಿಯಂ ವಾಲ್ವಿಗೆ ನಿಕ್ಕಲ್ ಲೇಪನದ್ದೇ ಹಾಕಿ. ಮಾಮೂಲಿ ಹಿತ್ತಾಳೆ ಪಿನ್ ಮಳೆಗಾಲ ಕಳೆಯೋದ್ರಲ್ಲಿ ಹಿಡಿದುಕೊಂಡು ಬಿಡುತ್ತೆ, ಮುಂದಿನ ಸಲ ತೆಗೆಯುವಾಗ ವಾಲ್ವೇ ಮುರಿಯುತ್ತೆ. ಲೋಹದ ಕ್ಯಾಪಿಗೂ ಇದೇ ಕಥೆ, ಪ್ಲಾಸ್ಟಿಕ್ ಕ್ಯಾಪ್ ಸಾಕು. ಪಂಕ್ಚರ್ ಆಗದಿರಲಿ ಅಂತ ತುಂಬುವ ಲಿಕ್ವಿಡ್ ಸೆನ್ಸರಿನ ತೂತು ಮುಚ್ಚಬಹುದು. ದಾರಿಯಲ್ಲಿ ಕಿಟ್ಟಿನ ಲಿಕ್ವಿಡ್ ಹಾಕಿಕೊಂಡು ಬಂದ ಗಿರಾಕಿಯ ಟೈರನ್ನು ಬಿಚ್ಚಿ, ಒಳಗೆಲ್ಲ ಒರೆಸಿಯೇ ಕಳಿಸಿ.

ಸೆಕೆಂಡ್ ಹ್ಯಾಂಡ್ ಅಲಾಯ್ ಸೆಟ್ಟನ್ನು "ಸೆನ್ಸರ್ ಸಮೇತ" ಅಂತ ಮಾರುವವರಿದ್ದಾರೆ. ಅದರ ಸೆಲ್ ಬದಲಿಸೋಕೆ ಬರಲ್ಲ, ಡಬ್ಬಿಯೊಳಗೆ ಅಂಟು ಹಾಕಿ ಮುಚ್ಚಿರ್ತಾರೆ, ಐದರಿಂದ ಹತ್ತು ವರ್ಷದಲ್ಲಿ ಮುಗಿಯುತ್ತೆ. ಏಳೆಂಟು ವರ್ಷ ಹಳೇ ಕಾರಿನಿಂದ ಬಿಚ್ಚಿದ ಸೆಟ್ಟಾದ್ರೆ ಸೆನ್ಸರಿಗೆ ಬೆಲೆ ಕಟ್ಟಬೇಡಿ. ಹೊಸ ಟೈರ್ ಹಾಕಿಸುವಾಗ ಹೇಗೂ ಬಿಚ್ಚುತ್ತಾರಲ್ಲ, ಆಗಲೇ ನಾಲ್ಕನ್ನೂ ಬದಲಿಸಿದ್ರೆ ಕೂಲಿ ಒಂದೇ ಸಲ ಹೋಗುತ್ತೆ.